ಒದ್ದೆ ಮಾಡಿ ನೋಡಿ: ಸುಣ್ಣಕಲ್ಲಿನ ಉರುಟುಗಳಲ್ಲಿ ಪಳೆಯುಳಿಕೆ ಗುರುತಿಸುವ ಬಗೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಅಲ್ಲಿ ಕಲ್ಲು ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನು ಅವು ಸೇರಬೇಕಾದ ಜಾಗಕ್ಕೆ ತಂದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ತಟ್ಟೆಗಳಿವೆ. ಎರಡರಲ್ಲೂ ಒಂದೇ ದಂಡೆಯಲ್ಲಿ ಹೆಕ್ಕಿದ ಉರುಟುಕಲ್ಲುಗಳು. ಮೊದಲ ತಟ್ಟೆ ಒಣಗಿದೆ. ಅದರಲ್ಲಿರುವುದೆಲ್ಲ ಬೂದು ಬಣ್ಣದ ಕಲ್ಲು. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಎರಡನೆಯದಕ್ಕೆ ಈಗ ನೀರು ಸುರಿಯುತ್ತೇನೆ. ಮುಂದಿನ ಸಾಲಿನವರು ಎದ್ದು ಬಂದು ನೋಡಿ. ಒಂದು ಕಲ್ಲಿನ ಮೇಲೆ ಬಿಳಿ ಉಂಗುರಗಳು, ಇನ್ನೊಂದರ ಮೇಲೆ ಜೇನುಹುಟ್ಟಿನಂಥ ಕೋಣೆಗಳು, ಮೂರನೆಯದರಲ್ಲಿ ಉಗುರು ಕತ್ತರಿಸಿ ಚೆಲ್ಲಿದಂಥ ಬಾಗಿದ ಗೆರೆಗಳು ಕಾಣಿಸುತ್ತಿವೆ. ಇವೆಲ್ಲ ಆಗಲೂ ಅಲ್ಲೇ ಇದ್ದವು.

ನೀರು ಮಾಡುವ ಕೆಲಸ ಸರಳ. ಅಲೆಗೆ ಸಿಕ್ಕಿ ಉರುಳುವಾಗ ಕಲ್ಲುಗಳು ಒಂದಕ್ಕೊಂದು ತಾಗಿ, ಮೈಮೇಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಾಗಿರುತ್ತವೆ. ಒಣಗಿದ ಕಲ್ಲಿನ ಮೇಲೆ ಬಿದ್ದ ಬೆಳಕು ಆ ಗೀರುಗಳಲ್ಲಿ ದಿಕ್ಕಾಪಾಲಾಗಿ ಚೆದುರುತ್ತದೆ. ನಮಗೆ ಕಾಣುವುದು ಮಸುಕು ಬಿಳುಪು ಮಾತ್ರ. ನೀರು ಗೀರುಗಳನ್ನು ತುಂಬಿ ಮೈಯನ್ನು ಸಮ ಮಾಡುತ್ತದೆ, ಒಳಗಿನ ಬಣ್ಣ ಮೇಲೆ ಬರುತ್ತದೆ. ಈ ಹವ್ಯಾಸಕ್ಕೆ ಇಳಿಯುವವರಿಗೆ ನಾನು ಹೇಳುವ ಮೊದಲ ಮಾತು ಇದೇ: ಒಂದು ಸಣ್ಣ ನೀರಿನ ಶೀಶೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ. ಕನ್ನಡಿಯನ್ನು ಕಲ್ಲಿನ ಹತ್ತಿರ ಹಿಡಿದು ದೂರದಿಂದ ಇಣುಕಬೇಡಿ. ಕಣ್ಣಿಗೇ ಒತ್ತಿ ಹಿಡಿದು, ಕಲ್ಲನ್ನು ಮುಖದ ಹತ್ತಿರಕ್ಕೆ ತನ್ನಿ. ಅಲ್ಲೊಂದು ದೂರದಲ್ಲಿ ಎಲ್ಲವೂ ಸ್ಪಷ್ಟವಾಗುತ್ತದೆ.

ಮೊದಲು ಕೈಯಲ್ಲಿರುವುದು ಸುಣ್ಣಕಲ್ಲೇ ಅಂತ ಖಚಿತ ಮಾಡಿಕೊಳ್ಳಬೇಕು. ಬಣ್ಣವನ್ನು ನಂಬಬೇಡಿ. ಸುಣ್ಣಕಲ್ಲು ಬಿಳಿ, ಬೂದು, ಹಳದಿ, ಕೆಂಪು, ಕಡುಗಪ್ಪು ಹೀಗೆ ಯಾವ ಬಣ್ಣದಲ್ಲಾದರೂ ಇರಬಹುದು. ನಂಬಬೇಕಾದ್ದು ಗಡಸುತನವನ್ನು. ಸುಣ್ಣಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಅದರ ಗಡಸುತನ 3. ಉಕ್ಕಿನ ಚಾಕುವಿನದು ಸುಮಾರು 5.5, ಬೆಣಚುಕಲ್ಲಿನದು 7. ಕಲ್ಲಿನ ಒಂದು ಮೂಲೆಯಲ್ಲಿ ಚಾಕುವಿನ ಮೊನೆಯಿಂದ ಗೀರಿ. ಸುಣ್ಣಕಲ್ಲಾದರೆ ಬಿಳಿ ಪುಡಿ ಏಳುತ್ತದೆ, ಬೆರಳಿನಿಂದ ಒರೆಸಿದರೆ ಅಡಿಯಲ್ಲಿ ಗೀರು ಉಳಿದಿರುತ್ತದೆ. ಬೆಣಚಾದರೆ ಚಾಕುವೇ ಸವೆದು ಕಲ್ಲಿನ ಮೇಲೆ ಲೋಹದ ಹೊಳಪಿನ ಗೆರೆ ಬೀಳುತ್ತದೆ. ಹೊಸಬರು ಈ ಲೋಹದ ಗೆರೆಯನ್ನೇ ಗೀರೆಂದು ತಿಳಿಯುವುದುಂಟು. ಒರೆಸಿ ನೋಡುವುದನ್ನು ಮರೆಯಬೇಡಿ.

ಎರಡನೆಯದು ಆಮ್ಲದ ಪರೀಕ್ಷೆ. ಭೂವಿಜ್ಞಾನಿಗಳು ಸುಮಾರು 10 ಶೇಕಡಾದಷ್ಟು ತೆಳುಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಳಸುತ್ತಾರೆ. ಒಂದು ಹನಿ ಬಿದ್ದರೆ ಸಾಕು, ಕ್ಯಾಲ್ಸೈಟ್ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಬಿಡುತ್ತಾ ಬುಸುಗುಡುತ್ತದೆ. ಕಣ್ಣಿಗೆ ರಕ್ಷಣೆಯಿಲ್ಲದೆ ಅದನ್ನು ಮುಟ್ಟಬೇಡಿ. ಮಕ್ಕಳ ಜೊತೆ ಇದ್ದರೆ ವಿನೆಗರ್ ಸಾಕು. ಅದು ನಿಧಾನ. ಚಾಕುವಿನಿಂದ ಗೀರಿದ ಪುಡಿಯ ಮೇಲೇ ಹನಿ ಹಾಕಿ, ಭೂತಗನ್ನಡಿಯಲ್ಲಿ ನೋಡುತ್ತಾ ತಾಳ್ಮೆಯಿಂದ ಕಾಯಿರಿ; ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ. ಡಾಲೊಮೈಟ್ ಎಂಬ ಸುಣ್ಣಕಲ್ಲಿನ ದಾಯಾದಿ ಪುಡಿಯಾಗಿದ್ದರೆ ಮಾತ್ರ ಸ್ವಲ್ಪ ಗುಳ್ಳೆ ಬಿಡುತ್ತದೆ, ಇಡೀ ಕಲ್ಲಿನ ಮೇಲೆ ಸುಮ್ಮನಿರುತ್ತದೆ. ಮರಳುಗಲ್ಲಿನಲ್ಲೂ ಮರಳಿನ ಕಣಗಳನ್ನು ಕ್ಯಾಲ್ಸೈಟೇ ಅಂಟಿಸಿದ್ದರೆ ಗುಳ್ಳೆ ಬರುತ್ತದೆ. ಹಾಗಾಗಿ ಚಾಕು ಮತ್ತು ಆಮ್ಲ ಎರಡೂ ಒಂದೇ ಉತ್ತರ ಕೊಟ್ಟಾಗ ಮಾತ್ರ ಒಪ್ಪಿಕೊಳ್ಳಿ. ಆಮ್ಲದ ಹನಿಯನ್ನು ಚಂದದ ಮುಖದ ಮೇಲೆ ಹಾಕಬೇಡಿ, ಹಿಂಬದಿಗೆ ಹಾಕಿ. ನನ್ನ ಮೊದಲ ಒಳ್ಳೆಯ ಹವಳದ ಕಲ್ಲನ್ನು ನಾನು ಹಾಗೆಯೇ ಕೆಡಿಸಿದೆ. ಹನಿ ಬಿದ್ದ ಜಾಗದಲ್ಲಿ ಅರಳಿನಂಥ ಬಿಳಿ ಕಲೆ ಇವತ್ತಿಗೂ ಇದೆ, ಎಷ್ಟು ಉಜ್ಜಿದರೂ ಹೋಗಿಲ್ಲ.

ಈ ಪರೀಕ್ಷೆಯಲ್ಲಿ ಸೋತ ಕಲ್ಲನ್ನೂ ಎಸೆಯಬೇಡಿ. ಸುಣ್ಣಕಲ್ಲಿನ ಪದರಗಳ ನಡುವೆ ಚರ್ಟ್ ಎಂಬ ಸಿಲಿಕಾದ ಗಂಟುಗಳು ಬೆಳೆಯುತ್ತವೆ. ಅವು ಬೆಣಚಿನಷ್ಟೇ ಗಡಸು, ಆಮ್ಲಕ್ಕೆ ಜಗ್ಗುವುದಿಲ್ಲ. ಆದರೂ ಅವುಗಳೊಳಗೆ ಅದೇ ಕಡಲಿನ ಜೀವಿಗಳು ಬಹಳ ಚೊಕ್ಕಟವಾಗಿ ಉಳಿದಿರುತ್ತವೆ.

ಈಗ ಇಂದಿನ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಂಗ್ರಹಾಲಯದಲ್ಲಿ ಕಾಣುವ ಪಳೆಯುಳಿಕೆ ಇಡಿಯಾಗಿರುತ್ತದೆ. ಶಂಖವಾದರೆ ಶಂಖದ ಆಕಾರ, ಚಿಪ್ಪಾದರೆ ಚಿಪ್ಪಿನ ಆಕಾರ. ಉರುಟುಕಲ್ಲಿನಲ್ಲಿ ಹಾಗೆ ಸಿಗುವುದು ಅಪರೂಪ. ಇಲ್ಲಿ ಕಲ್ಲೂ ಕ್ಯಾಲ್ಸೈಟ್, ಅದರೊಳಗಿನ ಪಳೆಯುಳಿಕೆಯೂ ಕ್ಯಾಲ್ಸೈಟ್. ನೀರು ಎರಡನ್ನೂ ಸಮವಾಗಿ ಸವೆಸುತ್ತದೆ. ಕಲ್ಲಿನ ಮೈ ಎಲ್ಲಿ ಹಾದುಹೋಗುತ್ತದೋ ಅಲ್ಲಿ ಜೀವಿಯ ದೇಹವನ್ನು ಗರಗಸದಿಂದ ಕೊಯ್ದಂತೆ ಆಗುತ್ತದೆ. ನಮಗೆ ಕಾಣುವುದು ಆ ಕೊಯ್ತ. ಅದು ಅಡ್ಡವೋ, ಉದ್ದವೋ, ಓರೆಯೋ ಎಂಬುದು ಕಲ್ಲು ಹೇಗೆ ಸವೆಯಿತು ಎಂಬುದರ ಮೇಲೆ ನಿಂತಿದೆ.

ಒಂದು ಬಿದಿರಿನ ಗಳುವನ್ನು ನೆನೆಸಿಕೊಳ್ಳಿ. ಅಡ್ಡಕ್ಕೆ ಕೊಯ್ದರೆ ಉಂಗುರ, ಓರೆಯಾಗಿ ಕೊಯ್ದರೆ ಮೊಟ್ಟೆಯಾಕಾರ. ಉದ್ದಕ್ಕೆ ಸೀಳಿದರೆ ಎರಡು ಸಮಾನಾಂತರ ಗೆರೆಗಳು, ನಡುನಡುವೆ ಗೆಣ್ಣಿನ ಅಡ್ಡಗೋಡೆಗಳು. ಬಿದಿರನ್ನೇ ಕಾಣದ ಒಬ್ಬರ ಮುಂದೆ ಈ ಮೂರು ತುಂಡುಗಳನ್ನು ಇಟ್ಟರೆ ಮೂರು ಬೇರೆ ಬೇರೆ ವಸ್ತು ಎಂದಾರು. ನಾವೂ ಮೊದಮೊದಲು ಹೀಗೆಯೇ ಮೋಸ ಹೋಗುತ್ತೇವೆ.

ಇದಕ್ಕೆ ಕ್ರೈನಾಯ್ಡ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕಡಲ ಲಿಲಿ ಎಂದು ಕರೆದರೂ ಇದು ಗಿಡವಲ್ಲ, ನಕ್ಷತ್ರಮೀನಿನ ಬಂಧು. ಇದರ ಸಂತತಿ ಇಂದಿಗೂ ಆಳದ ಕಡಲಲ್ಲಿ ಬದುಕಿದೆ. ಕಾಂಡದಂಥ ಅದರ ದೇಹಭಾಗ ತೂತಿರುವ ಸಣ್ಣ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಇರುತ್ತದೆ. ಪ್ರಾಣಿ ಸತ್ತ ಮೇಲೆ ಅವುಗಳನ್ನು ಹಿಡಿದಿದ್ದ ಮೃದು ಅಂಗಾಂಶ ಕೊಳೆತು, ದಾರ ಹರಿದ ಮಣಿಸರದ ಹಾಗೆ ಬಿಲ್ಲೆಗಳು ಚೆಲ್ಲಾಪಿಲ್ಲಿಯಾಗುತ್ತವೆ. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್‌ಫಾರ್ನ್ ದ್ವೀಪದಲ್ಲಿ ಇಂಥ ಬಿಡಿ ಬಿಲ್ಲೆಗಳಿಗೆ ಸಂತ ಕಥ್‌ಬರ್ಟನ ಮಣಿಗಳು ಎಂಬ ಹೆಸರಿದೆ. ಸುಮಾರು 36ರಿಂದ 30 ಕೋಟಿ ವರ್ಷಗಳ ಹಿಂದಿನ ಕಾರ್ಬಾನಿಫೆರಸ್ ಯುಗದ ಕೆಲವು ಸುಣ್ಣಕಲ್ಲುಗಳಲ್ಲಿ ಈ ಬಿಲ್ಲೆಗಳೇ ಹೆಚ್ಚು, ನಡುವಿನ ಕೆಸರು ಕಡಿಮೆ.

ಕಲ್ಲಿನ ಮೇಲೆ ಅವು ಹೇಗೆ ಕಾಣುತ್ತವೆ ನೋಡಿ. ಅಡ್ಡ ಕೊಯ್ದಿದ್ದರೆ ನಡುವೆ ಚುಕ್ಕೆಯಿರುವ ದುಂಡು ಬಿಲ್ಲೆ. ಕೆಲವು ಜಾತಿಗಳಲ್ಲಿ ಐದು ಮೂಲೆಯ ನಕ್ಷತ್ರ. ಉದ್ದಕ್ಕೆ ಸೀಳಿದ್ದರೆ ಸ್ಕ್ರೂ ಮೊಳೆಯ ಹಾಗೆ, ಪುಟ್ಟ ಏಣಿಯ ಹಾಗೆ. ಒಂಟಿ ಬಿಲ್ಲೆಯೊಂದು ಓರೆಯಾಗಿ ಸಿಕ್ಕಿದ್ದರೆ ಬರೀ ಬಿಳಿ ಚೂರು. ಆ ಬಿಳಿ ಚೂರನ್ನೂ ಗುರುತಿಸಲು ಒಂದು ದಾರಿಯಿದೆ, ಅದು ನನಗೆ ಬಹಳ ಇಷ್ಟ. ಈ ವಂಶದ ಪ್ರಾಣಿಗಳಲ್ಲಿ ಒಂದೊಂದು ಬಿಲ್ಲೆಯೂ ಒಂದೇ ಒಂದು ಕ್ಯಾಲ್ಸೈಟ್ ಹರಳಿನಂತೆ ವರ್ತಿಸುತ್ತದೆ. ಹಾಗಾಗಿ ಕಲ್ಲು ಒಡೆದ ಜಾಗದಲ್ಲಿ ಆ ಚೂರು ಸಪಾಟಾಗಿ ಸೀಳಿಕೊಂಡಿರುತ್ತದೆ. ಬೆಳಕಿಗೆ ಹಿಡಿದು ಕಲ್ಲನ್ನು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಇಡೀ ಚೂರು ಒಮ್ಮೆಲೇ ಕನ್ನಡಿಯ ತುಂಡಿನಂತೆ ಮಿಂಚಿ ಆರುತ್ತದೆ. ಚಿಪ್ಪಿನ ಚೂರು ಹಾಗೆ ಮಿಂಚುವುದಿಲ್ಲ. ಕಡಲಚೆಂಡಿನ (ಸೀ ಅರ್ಚಿನ್) ಮುಳ್ಳು, ಫಲಕಗಳೂ ಹೀಗೇ ಮಿಂಚುತ್ತವೆ, ಏಕೆಂದರೆ ಅದೂ ಇದೇ ವಂಶದ್ದು.

ಇನ್ನು ಹವಳ. ಈ ಕಲ್ಲನ್ನು ಕೈಯಿಂದ ಕೈಗೆ ದಾಟಿಸಿ. ಆರು ಬದಿಯ ಕೋಣೆಗಳು ಒತ್ತೊತ್ತಾಗಿವೆ, ಪ್ರತಿ ಕೋಣೆಯ ಗೋಡೆಯಿಂದ ನಡುವಿನ ಕಡೆಗೆ ತೆಳು ಗೆರೆಗಳು ಸೈಕಲ್ ಚಕ್ರದ ಕಡ್ಡಿಗಳಂತೆ ಸೇರುತ್ತವೆ. ಇದು ಹೆಕ್ಸಗೊನೇರಿಯ, ಸುಮಾರು 42ರಿಂದ 36 ಕೋಟಿ ವರ್ಷಗಳ ಹಿಂದಿನ ಡೆವೋನಿಯನ್ ಯುಗದ ಹವಳ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಸರೋವರದ ದಂಡೆಗಳಲ್ಲಿ ಇದರ ಉರುಟುಗಳು ಪೆಟೋಸ್ಕಿ ಕಲ್ಲು ಎಂಬ ಹೆಸರಿನಲ್ಲಿ ಪ್ರಸಿದ್ಧ. 1965ರಲ್ಲಿ ಅದನ್ನು ಆ ರಾಜ್ಯದ ಅಧಿಕೃತ ಕಲ್ಲಾಗಿ ಮಾಡಿದರು. ಒಣಗಿದಾಗ ಅದೂ ಸಾದಾ ಬೂದು ಕಲ್ಲೇ.

ಇದರ ಪಕ್ಕದಲ್ಲಿ ಈ ಇನ್ನೊಂದನ್ನು ಇಟ್ಟು ನೋಡಿ. ಇಲ್ಲೂ ಜೇನುಹುಟ್ಟಿನ ಕೋಣೆಗಳಿವೆ. ಆದರೆ ಇನ್ನೂ ಚಿಕ್ಕವು, ಒಳಗೆ ಚಕ್ರದ ಕಡ್ಡಿಗಳು ಕಾಣುವುದಿಲ್ಲ. ಕಲ್ಲನ್ನು ಬದಿಗೆ ತಿರುಗಿಸಿದರೆ ಕೋಣೆಗಳು ಉದ್ದನೆಯ ಕೊಳವೆಗಳಾಗಿ, ಅವುಗಳೊಳಗೆ ಬಿದಿರಿನ ಗೆಣ್ಣಿನಂತೆ ಒತ್ತೊತ್ತಾದ ಅಡ್ಡಗೋಡೆಗಳು ಕಾಣುತ್ತವೆ. ಇದು ಫೆವೊಸೈಟಿಸ್, ಟ್ಯಾಬ್ಯುಲೇಟ್ ಎಂಬ ಬೇರೆಯೇ ಗುಂಪಿನ ಹವಳ. ಮೇಲಿನಿಂದ ಮಾತ್ರ ನೋಡಿದವರು ಎರಡನ್ನೂ ಒಂದೇ ಎನ್ನುತ್ತಾರೆ. ಕಲ್ಲನ್ನು ಎಲ್ಲ ಕಡೆ ತಿರುಗಿಸಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ. ಅದೇ ಗುಂಪಿನ ಹ್ಯಾಲಿಸೈಟಿಸ್ ಸಿಕ್ಕರೆ ನೀವು ಮರೆಯುವುದಿಲ್ಲ; ಕಲ್ಲಿನ ಮೇಲೆ ಸರಪಳಿ ಹರಡಿದಂತೆ ಇರುತ್ತದೆ. ಒಂಟಿಯಾಗಿ ಬೆಳೆಯುವ ಕೊಂಬು ಹವಳ ಅಡ್ಡಗೊಯ್ತದಲ್ಲಿ ಒಂಟಿ ಚಕ್ರ, ಉದ್ದಗೊಯ್ತದಲ್ಲಿ ದನದ ಕೊಂಬು.

ಕೊಂಬು ಹವಳದ ಮಾತು ಬಂದಿದ್ದರಿಂದ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಹವಳದ ಹೊರಮೈಯಲ್ಲಿ ದಿನಕ್ಕೊಂದರಂತೆ ಬಹಳ ತೆಳ್ಳನೆಯ ಬೆಳವಣಿಗೆಯ ಗೆರೆ ಮೂಡುತ್ತದೆ, ವರ್ಷಕ್ಕೊಂದು ದಪ್ಪ ಪಟ್ಟೆ. 1963ರಲ್ಲಿ ಜಾನ್ ವೆಲ್ಸ್ ಎಂಬ ಅಮೆರಿಕದ ಪಳೆಯುಳಿಕೆ ತಜ್ಞರು ಡೆವೋನಿಯನ್ ಹವಳಗಳಲ್ಲಿ ಈ ಗೆರೆಗಳನ್ನು ಎಣಿಸಿ, ಒಂದು ವರ್ಷದ ಪಟ್ಟೆಯಲ್ಲಿ ಸುಮಾರು 400 ಗೆರೆಗಳಿವೆ ಎಂದು ತೋರಿಸಿದರು. ಆಗಿನ ವರ್ಷದಲ್ಲಿ ಸುಮಾರು 400 ದಿನಗಳಿದ್ದವು. ದಿನ ಇಂದಿಗಿಂತ ಚಿಕ್ಕದಿತ್ತು. ಉಬ್ಬರವಿಳಿತದ ತಿಕ್ಕಾಟದಿಂದ ಭೂಮಿಯ ತಿರುಗುವಿಕೆ ನಿಧಾನವಾಗುತ್ತಾ ಬಂದಿದೆ ಎಂದು ಖಗೋಳ ಲೆಕ್ಕ ಹೇಳುತ್ತಿದ್ದುದಕ್ಕೆ ಹವಳ ಸಾಕ್ಷಿ ನುಡಿಯಿತು. ನಮ್ಮ ಉರುಟುಗಳಲ್ಲಿ ಆ ಗೆರೆಗಳು ಉಳಿದಿರುವುದಿಲ್ಲ, ಉರುಳಾಟದಲ್ಲಿ ಹೊರಮೈ ಮೊದಲೇ ಸವೆದಿರುತ್ತದೆ. ಆದರೂ ಕೊಂಬು ಹವಳವೊಂದು ಕೈಗೆ ಬಂದಾಗಲೆಲ್ಲ ನನಗೆ ಆ 400 ದಿನಗಳ ನೆನಪಾಗುತ್ತದೆ.

ಚಿಪ್ಪುಗಳ ವಿಷಯದಲ್ಲಿ ಧೈರ್ಯವಾಗಿ ಹೆಸರು ಹೇಳುವುದು ಕಷ್ಟ. ಕಪ್ಪೆಚಿಪ್ಪು ಮತ್ತು ಬ್ರಾಕಿಯೊಪಾಡ್ (ಕಪ್ಪೆಚಿಪ್ಪಿನಂತೆ ಕಂಡರೂ ಬೇರೆಯೇ ವಂಶದ ಕಡಲಜೀವಿ) ಎರಡಕ್ಕೂ ಎರಡೆರಡು ಹೋಳುಗಳಿವೆ. ಇಡಿಯಾಗಿ ಸಿಕ್ಕರೆ ಸಾಮಾನ್ಯವಾಗಿ ಬೇರೆ ಮಾಡಬಹುದು: ಬ್ರಾಕಿಯೊಪಾಡಿನ ಒಂದು ಹೋಳನ್ನು ನಡುವೆ ಗೆರೆ ಎಳೆದು ನೋಡಿದರೆ ಎಡಬಲ ಒಂದೇ ತೆರ, ಕಪ್ಪೆಚಿಪ್ಪಿನಲ್ಲಿ ಒಂದು ಹೋಳಿಗೆ ಇನ್ನೊಂದು ಹೋಳು ಪ್ರತಿಬಿಂಬ. ಉರುಟುಕಲ್ಲಿನಲ್ಲಿ ಇವೆರಡೂ ಬಾಗಿದ ಬಿಳಿ ಗೆರೆ ಮಾತ್ರ. ಅಲ್ಲಿ ನೆರವಿಗೆ ಬರುವುದು ಆ ಗೆರೆಯ ಒಳರಚನೆ. ಬ್ರಾಕಿಯೊಪಾಡ್‌ಗಳಲ್ಲಿ ಹೆಚ್ಚಿನವು ಮತ್ತು ಸಿಂಪಿಗಳು ಮೊದಲಿನಿಂದಲೂ ಕ್ಯಾಲ್ಸೈಟ್ ಚಿಪ್ಪು ಕಟ್ಟುತ್ತವೆ. ಅದರ ಪದರಗಳು, ನಾರುಗಳು ಭೂತಗನ್ನಡಿಯಲ್ಲಿ ಹಾಗೇ ಕಾಣಬಹುದು. ಬಸವನಹುಳುವಿನ ಜಾತಿಯವು, ಅನೇಕ ಕಪ್ಪೆಚಿಪ್ಪುಗಳು ಅರಗೊನೈಟ್ ಎಂಬ ಅದೇ ರಾಸಾಯನಿಕದ ಬೇರೊಂದು ಹರಳಿನಿಂದ ಚಿಪ್ಪು ಕಟ್ಟುತ್ತವೆ. ಅದು ಬೇಗ ಕರಗುತ್ತದೆ. ಕರಗಿದ ಪೊಳ್ಳಿನಲ್ಲಿ ಆಮೇಲೆ ಒರಟು ಕ್ಯಾಲ್ಸೈಟ್ ತುಂಬಿಕೊಂಡು, ಆಕಾರ ಮಾತ್ರ ಉಳಿಯುತ್ತದೆ, ಒಳನೇಯ್ಗೆ ಹೋಗಿರುತ್ತದೆ. ಇಷ್ಟು ನೋಡಿಯೂ ತೀರ್ಮಾನವಾಗದಿದ್ದರೆ ಚೀಟಿಯಲ್ಲಿ 'ಚಿಪ್ಪು' ಎಂದಷ್ಟೇ ಬರೆಯಿರಿ. ತಪ್ಪು ಹೆಸರಿಗಿಂತ ಅರ್ಧ ಹೆಸರು ಎಷ್ಟೋ ಮೇಲು.

ಸುರುಳಿ ಕಂಡರೆ ಒಳಗೆ ಅಡ್ಡಗೋಡೆ ಇದೆಯೇ ನೋಡಿ. ಬಸವನಹುಳುವಿನ ಸುರುಳಿಯಲ್ಲಿ ಸಾಮಾನ್ಯವಾಗಿ ಗೋಡೆಗಳಿಲ್ಲ. ಆಕ್ಟೋಪಸ್ಸಿನ ಅಳಿದುಹೋದ ಬಂಧುವಾದ ಅಮ್ಮೊನೈಟಿನ ಚಿಪ್ಪಿನಲ್ಲಿ ಇವೆ. ಗೋಡೆಗಳಿದ್ದೂ ಸುರುಳಿಯಿಲ್ಲದೆ ನೆಟ್ಟಗೆ ಮೊನಚಾಗುತ್ತಾ ಹೋಗಿದ್ದರೆ ಅದು ನೇರಚಿಪ್ಪಿನ ಆರ್ಥೊಸೆರಾಸ್ ಬಗೆಯದು, ಬಿದಿರಿನ ಸೀಳಿನ ತದ್ರೂಪ.

ಹಾಗೆಯೇ ನಮ್ಯುಲೈಟ್. ಏಕಕೋಶ ಜೀವಿ ಕಟ್ಟಿದ, ನಾಣ್ಯದಂಥ ಚಪ್ಪಟೆ ಮನೆ. ಹೆಸರಿನ ಅರ್ಥವೂ ಲ್ಯಾಟಿನ್ನಿನಲ್ಲಿ ಪುಟ್ಟ ನಾಣ್ಯ ಎಂದೇ. ಚಪ್ಪಟೆಯಾಗಿ ಕೊಯ್ದರೆ ಒತ್ತಾದ ಸುರುಳಿ, ಅಡ್ಡಕ್ಕೆ ಕೊಯ್ದರೆ ಕಣ್ಣಿನ ಆಕಾರ. ಗೀಜಾದ ಪಿರಮಿಡ್ಡುಗಳ ಸುಣ್ಣಕಲ್ಲು ಇವುಗಳಿಂದ ತುಂಬಿದೆ. ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿಗೆ ಹೋಗಿದ್ದ ಗ್ರೀಕ್ ಭೂಗೋಳಕಾರ ಸ್ಟ್ರಾಬೊ, ಬೇಳೆಯಂಥ ಈ ಚೂರುಗಳನ್ನು ಕಂಡು, ಪಿರಮಿಡ್ ಕಟ್ಟಿದ ಕೆಲಸಗಾರರು ಉಣ್ಣದೆ ಬಿಟ್ಟ ಆಹಾರ ಕಲ್ಲಾಗಿದೆ ಎಂಬ ಜನರ ಮಾತನ್ನು ದಾಖಲಿಸಿದ್ದಾನೆ.

ಪಳೆಯುಳಿಕೆಯಂತೆ ಕಂಡು ಪಳೆಯುಳಿಕೆಯಲ್ಲದವೂ ಇವೆ. ಮೀನಿನ ಮೊಟ್ಟೆಯಂಥ ದುಂಡು ಕಾಳುಗಳು ಇಡೀ ಕಲ್ಲನ್ನು ತುಂಬಿದ್ದರೆ, ಅವು ಊಯ್ಡ್‌ಗಳು. ಅಲೆಯಾಡುವ ಬೆಚ್ಚನೆಯ ತೆಳುನೀರಿನಲ್ಲಿ ಕಣವೊಂದರ ಸುತ್ತ ಸುಣ್ಣ ಪದರ ಪದರವಾಗಿ ಕೂತು ಆದವು, ಸಾಮಾನ್ಯವಾಗಿ 2 ಮಿಲಿಮೀಟರಿಗಿಂತ ಚಿಕ್ಕವು. ಕಪ್ಪು ಜರೀಗಿಡದ ಚಿತ್ರ ಕಂಡರೆ ಅದು ಬಿರುಕಿನಲ್ಲಿ ಹರಡಿದ ಮ್ಯಾಂಗನೀಸ್ ಆಕ್ಸೈಡ್. ಹಲ್ಲುಹಲ್ಲಾಗಿ ಓಡುವ ಕಪ್ಪು ಗೆರೆ, ಒತ್ತಡಕ್ಕೆ ಕಲ್ಲು ಕರಗಿ ಉಳಿದ ಹೊಲಿಗೆ. ಕಲ್ಲಿನ ಮೇಲಿನ ಸಣ್ಣ ತೂತುಗಳ ಬಗ್ಗೆ ಸಭೆಯಲ್ಲಿ ಒಬ್ಬರು ಕೇಳಿದರು. ಅವುಗಳಲ್ಲಿ ಬಹಳಷ್ಟು ಈಗಿನ ಕಾಲದವು. ಆಮ್ಲ ಸುರಿಸಿ ಸುಣ್ಣಕಲ್ಲು ಕೊರೆದು ಒಳಗೆ ವಾಸಿಸುವ ಚಿಪ್ಪುಜೀವಿಗಳಿವೆ, ಕೊರೆಯುವ ಸ್ಪಂಜುಗಳಿವೆ, ಇಂಗ್ಲಿಷ್ ಅಂಕಿ 8ರಂಥ ಜೋಡಿ ತೂತು ಮಾಡುವ ಹುಳುಗಳಿವೆ. ಗಟ್ಟಿ ಬೆಣಚಿನಲ್ಲಿ ಅವು ಕೊರೆಯಲಾರವು. ಹಾಗಾಗಿ ಕಡಲ ದಂಡೆಯಲ್ಲಿ ಇಂಥ ತೂತಿನ ಕಲ್ಲು ಕಂಡರೆ, ಚಾಕು ತೆಗೆಯುವ ಮೊದಲೇ ಅದು ಸುಣ್ಣಕಲ್ಲಿರಬಹುದು ಎಂದು ಊಹಿಸಿ.

ಕಲ್ಲಿನ ವಯಸ್ಸು ಹೇಳಬಹುದೇ ಎಂದು ಇನ್ನೊಬ್ಬರು ಕೇಳಿದರು. ಉರುಟುಕಲ್ಲು ತಾನು ಹುಟ್ಟಿದ ಪದರವನ್ನು ಬಿಟ್ಟು ಬಂದದ್ದು, ಆದ್ದರಿಂದ ಮೇಲೇನಿತ್ತು ಕೆಳಗೇನಿತ್ತು ಎಂದು ಕೇಳಲಾಗದು. ಒಳಗಿರುವ ಜೀವಿಯನ್ನೇ ಕೇಳಬೇಕು. ಕೊಂಬು ಹವಳದ ಗುಂಪು, ಟ್ಯಾಬ್ಯುಲೇಟ್ ಗುಂಪು ಎರಡೂ ಸುಮಾರು 25.2 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗದ ಕೊನೆಯ ಮಹಾ ಅಳಿವಿನ ಹೊತ್ತಿಗೆ ಇಲ್ಲವಾದವು. ಅವು ಕಂಡರೆ ಕಲ್ಲು ಅದಕ್ಕಿಂತ ಹಳೆಯದು. ಅಮ್ಮೊನೈಟ್ ಇದ್ದರೆ 6.6 ಕೋಟಿ ವರ್ಷಕ್ಕಿಂತ ಈಚಿನದಾಗಲು ಹೆಚ್ಚುಕಡಿಮೆ ಸಾಧ್ಯವಿಲ್ಲ. ನಮ್ಯುಲೈಟ್ ತುಂಬಿದ್ದರೆ ಬಹುತೇಕ ಇಯೊಸೀನ್, ಅಂದರೆ 5.6 ಕೋಟಿಯಿಂದ 3.4 ಕೋಟಿ ವರ್ಷಗಳ ನಡುವಿನದು. ಊರು ಹೇಳುವುದು ಇನ್ನೂ ಎಚ್ಚರದ ಕೆಲಸ. ಹಿಮಯುಗದ ಹಿಮನದಿಗಳು ಬಾಲ್ಟಿಕ್ ಸಮುದ್ರದ ಗೋಟ್ಲಂಡ್, ಓಲಂಡ್ ಕಡೆಯ ಸುಣ್ಣಕಲ್ಲುಗಳನ್ನು ಕಿತ್ತು ಉತ್ತರ ಜರ್ಮನಿಯ ಬಯಲುಗಳವರೆಗೆ ಸಾಗಿಸಿವೆ. ಕಲ್ಲು ಸಿಕ್ಕ ಜಾಗದ ತಳದ ಬಂಡೆಗೂ ಆ ಕಲ್ಲಿಗೂ ಅಲ್ಲಿ ಸಂಬಂಧವೇ ಇಲ್ಲ. ಅದಕ್ಕೇ, ಎಲ್ಲಿ ಸಿಕ್ಕಿತು, ಯಾವ ದಿನ ಎಂದು ಅಂದೇ ಚೀಟಿ ಬರೆದಿಡಿ. ಹೆಕ್ಕುವ ಮೊದಲು ಆ ಜಾಗದಲ್ಲಿ ಹೆಕ್ಕಲು ಅನುಮತಿ ಇದೆಯೇ ಎಂದೂ ವಿಚಾರಿಸಿ.

ಸುತ್ತಿಗೆಯಿಂದ ಒಡೆದು ಒಳಗೆ ನೋಡಬಹುದೇ ಎಂದವರಿಗೆ ನನ್ನ ಉತ್ತರ: ಬೇಡ. ಪಳೆಯುಳಿಕೆಯೂ ಕಲ್ಲೂ ಒಂದೇ ಖನಿಜವಾದ್ದರಿಂದ ಬಿರುಕು ಪಳೆಯುಳಿಕೆಯನ್ನು ಸುತ್ತಿ ಬರದೆ ನಡುವೆಯೇ ಹಾದುಹೋಗುತ್ತದೆ, ಒರಟು ಮುಖದಲ್ಲಿ ಹೆಚ್ಚೇನೂ ತಿಳಿಯುವುದಿಲ್ಲ. ಅದಕ್ಕಿಂತ ಒಂದು ಬದಿಯನ್ನು ನೀರಿನಲ್ಲಿ ನೆನೆಸಿದ ಉಪ್ಪುಕಾಗದದ ಮೇಲೆ ಉಜ್ಜಿ. ಮೊದಲು 220ನೇ ನಂಬರಿನದು, ಆಮೇಲೆ 400, 600. ಒಣಗಿದಂತೆ ಉಜ್ಜಿದರೆ ದೂಳು ಉಸಿರಿಗೆ ಹೋಗುತ್ತದೆ, ನೀರು ಬೇಕೇ ಬೇಕು. ಒಂದು ಕಾಗದದ ಗೀರುಗಳು ಪೂರ್ತಿ ಹೋಗುವ ತನಕ ಮುಂದಿನದಕ್ಕೆ ಹೋಗಬೇಡಿ. ಕಲ್ಲು ಮೆದುವಾದ್ದರಿಂದ ಇಷ್ಟೂ ಕೆಲಸ ಕೈಯಲ್ಲೇ ಆಗುತ್ತದೆ.

ಕೊನೆಯದಾಗಿ ಈ ಕಪ್ಪು ಕಲ್ಲು. ಇದರಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಚಿಪ್ಪೊಂದು ಮುಚ್ಚಿಕೊಂಡ ಹಾಗೇ ಉಳಿದಿದೆ. ಅದರ ಒಳಗನ್ನು ನೋಡಿ: ಅರ್ಧ ಕಪ್ಪು, ಅರ್ಧ ಬಿಳಿ, ನಡುವೆ ನೆಟ್ಟಗಿನ ಗೆರೆ. ಜೀವಿ ಸತ್ತು ಚಿಪ್ಪು ಕಡಲ ತಳದಲ್ಲಿ ಬಿದ್ದಾಗ ಸಂದಿನಿಂದ ಸಣ್ಣ ಕೆಸರು ಒಳಗೆ ಇಳಿದು, ಬಿಂದಿಗೆಯಲ್ಲಿ ನೀರು ನಿಂತ ಹಾಗೆ ಕೆಳಗೆ ಸಮವಾಗಿ ನಿಂತಿತು. ಮೇಲೆ ಉಳಿದ ಖಾಲಿ ಜಾಗದಲ್ಲಿ ಮುಂದೆ ಬಿಳಿ ಕ್ಯಾಲ್ಸೈಟ್ ಹರಳುಗಟ್ಟಿತು. ಆ ಗೆರೆ ಅಂದಿನ ಮಟ್ಟಗೋಲು. ಮಾತು ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ಕಲ್ಲನ್ನು ಕೈಗೆತ್ತಿಕೊಳ್ಳಿ. ಒದ್ದೆ ಮಾಡಿ, ಬಿಳಿ ಭಾಗ ಮೇಲೆ ಬರುವಂತೆ, ಗೆರೆ ನೆಲಕ್ಕೆ ಸಮವಾಗುವಂತೆ ತಿರುಗಿಸಿ ಹಿಡಿಯಿರಿ. ಆ ಕಡಲ ತಳದಲ್ಲಿ ಚಿಪ್ಪು ಬಿದ್ದಿದ್ದುದು ಹಾಗೆಯೇ, ಅದೇ ಬದಿ ಮೇಲಾಗಿ.